ಕಾಗದದ ಮೇಲೆ ಒಬ್ಬರೇ ಪೋಷಕರು: ಸಲಿಂಗ ಸಂಗಾತಿಗಳ ಮನೆಯ ಮಗು ಮತ್ತು ನಮ್ಮ ದತ್ತು ಕಾನೂನು

(ಕಾನೂನು ವಿದ್ಯಾರ್ಥಿಗಳು ಹಾಗೂ ಮಕ್ಕಳ ರಕ್ಷಣಾ ಕ್ಷೇತ್ರದಲ್ಲಿ ದುಡಿಯುವವರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಲಿಂಗ ಸಂಗಾತಿಗಳಿಗೆ ಮಕ್ಕಳನ್ನು ದತ್ತು ಕೊಡಬಹುದೇ ಎಂದು ಕೇಳುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡು ಕೇಳುತ್ತಾರೆ. ಅಂಥ ಮನೆಗಳು ಇನ್ನೂ ಇಲ್ಲ, ಕಾನೂನು ಒಪ್ಪಿದರೆ ಹುಟ್ಟಿಕೊಳ್ಳುತ್ತವೆ, ಒಪ್ಪದಿದ್ದರೆ ಹುಟ್ಟುವುದಿಲ್ಲ ಎಂಬುದು ಅವರ ಎಣಿಕೆ. ಕೌಟುಂಬಿಕ ಮೊಕದ್ದಮೆಗಳನ್ನು ನಡೆಸುವ ವಕೀಲನಾಗಿ ನನಗೆ ಕಂಡಿರುವುದು ಬೇರೆ. ಇಬ್ಬರು ಹೆಂಗಸರೋ ಇಬ್ಬರು ಗಂಡಸರೋ ಸೇರಿ ಮಗುವನ್ನು ಬೆಳೆಸುತ್ತಿರುವ ಮನೆಗಳು ಬೆಂಗಳೂರಿನಲ್ಲಿ ಮಾತ್ರವಲ್ಲ, ನಾವು ಊಹಿಸದ ಊರುಗಳಲ್ಲೂ ಇವೆ. ಮಗು ಆ ಮನೆಗೆ ಬಂದ ದಾರಿ ಬೇರೆ ಬೇರೆ: ಹಿಂದಿನ ಮದುವೆಯಿಂದ ಬಂದ ಮಗು, ದಾನಿಯ ವೀರ್ಯದ ನೆರವಿನಿಂದ ಹುಟ್ಟಿದ ಮಗು, ಇಬ್ಬರಲ್ಲೊಬ್ಬರು ಒಂಟಿಯೆಂದು ಅರ್ಜಿ ಹಾಕಿ ದತ್ತು ಪಡೆದ ಮಗು, ತೀರಿಕೊಂಡ ಅಕ್ಕನ ಮಗು. ಹೀಗಿರುವಾಗ ನಾವು ಕೇಳಬೇಕಾದದ್ದು, ಆ ಮನೆಯಲ್ಲಿ ಈಗಾಗಲೇ ಬೆಳೆಯುತ್ತಿರುವ ಮಗುವಿಗೆ ಕಾನೂನಿನ ಪ್ರಕಾರ ಎಷ್ಟು ಮಂದಿ ಪೋಷಕರು ಎಂಬುದನ್ನು. ಉತ್ತರ, ಒಬ್ಬರೇ. ಎರಡನೆಯವರು ಮಗುವಿನ ಪಾಲಿಗೆ ಯಾರೋ ಹೊರಗಿನವರು. ಈ ಒಂದು ಸ್ಥಿತಿಯಿಂದ ಏನೇನು ಆಗುತ್ತದೆ, ಇದು ಹೇಗೆ ಬಂತು, ಇದನ್ನು ಸರಿಪಡಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದಷ್ಟೇ ಇಂದಿನ ನನ್ನ ವಿಷಯ.

ಈಗಿನ ಕಾನೂನನ್ನು ಮೊದಲು ನೋಡೋಣ. ನಮ್ಮಲ್ಲಿ ದತ್ತು ಪಡೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಹಿಂದೂಗಳಿಗೆ ಅನ್ವಯವಾಗುವ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ. ಇನ್ನೊಂದು, ಅನಾಥ ಮಕ್ಕಳು, ಪೋಷಕರು ತೊರೆದುಹೋದ ಮಕ್ಕಳು ಮತ್ತು ಹೆತ್ತವರೇ ಒಪ್ಪಿಸಿದ ಮಕ್ಕಳಿಗೆ ಮನೆ ಹುಡುಕುವ 2015ರ ಬಾಲ ನ್ಯಾಯ ಕಾಯ್ದೆ. ಈ ಎರಡನೆಯದರಲ್ಲಿ ಧರ್ಮದ ಭೇದವಿಲ್ಲ. ಯಾವ ಧರ್ಮದವರೂ ಈ ದಾರಿಯಲ್ಲಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ, ಇದರ ಹಿಂದಿನ ಬಾಲ ನ್ಯಾಯ ಕಾಯ್ದೆ ಜಾರಿಯಲ್ಲಿದ್ದಾಗಲೇ, ಶಬನಂ ಹಶ್ಮಿ ಪ್ರಕರಣದಲ್ಲಿ ಹೇಳಿತು. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ನಾವೆಲ್ಲ ‘ಕಾರಾ’ ಎನ್ನುವ ಸಂಸ್ಥೆ, ಇಡೀ ವ್ಯವಸ್ಥೆಯನ್ನು ನಡೆಸುತ್ತದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳೇ ಹೊರಡಿಸುತ್ತಿದ್ದಾರೆ.

ಬಾಲ ನ್ಯಾಯ ಕಾಯ್ದೆಯ 57ನೇ ಕಲಮು ದತ್ತು ಪಡೆಯುವವರ ಅರ್ಹತೆಯನ್ನು ಹೇಳುತ್ತದೆ. ಅರ್ಜಿದಾರರು ದೈಹಿಕವಾಗಿ ಸಮರ್ಥರಾಗಿರಬೇಕು, ಆರ್ಥಿಕವಾಗಿ ಗಟ್ಟಿಯಾಗಿರಬೇಕು, ಮಾನಸಿಕವಾಗಿ ಎಚ್ಚರದಲ್ಲಿರಬೇಕು, ಮಗುವನ್ನು ಚೆನ್ನಾಗಿ ಬೆಳೆಸುವ ಉತ್ಕಟ ಇಚ್ಛೆಯುಳ್ಳವರಾಗಿರಬೇಕು. ದಂಪತಿಗಳಾದರೆ ಇಬ್ಬರ ಒಪ್ಪಿಗೆಯೂ ಬೇಕು. ಮದುವೆಯಾಗದವರು, ವಿಚ್ಛೇದಿತರು ಕೂಡ ದತ್ತು ಪಡೆಯಬಹುದು; ಒಂಟಿ ಗಂಡಸಿಗೆ ಮಾತ್ರ ಹೆಣ್ಣುಮಗುವನ್ನು ಕೊಡುವುದಿಲ್ಲ. ಅರ್ಜಿದಾರರ ಲೈಂಗಿಕ ಒಲವಿನ ಬಗ್ಗೆ ಈ ಕಲಮಿನಲ್ಲಿ ಒಂದಕ್ಷರವೂ ಇಲ್ಲ. ತೊಡಕು ಬರುವುದು ಕಾಯ್ದೆಯ ಕೆಳಗೆ ರಚಿಸಿದ 2022ರ ದತ್ತು ವಿನಿಯಮಗಳಲ್ಲಿ. ಅವುಗಳ 5(3)ನೇ ವಿನಿಯಮದ ಪ್ರಕಾರ, ಕನಿಷ್ಠ ಎರಡು ವರ್ಷಗಳ ಸ್ಥಿರ ವೈವಾಹಿಕ ಸಂಬಂಧವಿಲ್ಲದ ಜೋಡಿಗೆ ಮಗುವನ್ನು ದತ್ತು ಕೊಡುವಂತಿಲ್ಲ. ಬಂಧುಗಳ ದತ್ತು ಮತ್ತು ಮಲತಂದೆ, ಮಲತಾಯಿಯರ ದತ್ತುಗಳಿಗೆ ಮಾತ್ರ ವಿನಾಯಿತಿ. ಸಲಿಂಗ ಜೋಡಿಗಳ ಮದುವೆಗೆ ನಮ್ಮಲ್ಲಿ ಮಾನ್ಯತೆಯೇ ಇಲ್ಲದಿರುವಾಗ, ಎರಡು ವರ್ಷವಿರಲಿ, ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದವರಿಗೂ ಈ ಬಾಗಿಲು ತೆರೆಯುವುದಿಲ್ಲ. ಆದರೆ ಅವರಲ್ಲೊಬ್ಬರು ಒಂಟಿ ಅರ್ಜಿದಾರರಾಗಿ ಬಂದರೆ, ಈ ವಿನಿಯಮದ ಮಟ್ಟಿಗೆ, ಅದೇ ಬಾಗಿಲು ತೆರೆದಿರುತ್ತದೆ. ಈ ವಿರೋಧಾಭಾಸವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನ ಎಲ್ಲ ಮಾತುಗಳೂ ಇದರ ಸುತ್ತಲೇ ಇವೆ.

ಕಾನೂನಿನ ದೃಷ್ಟಿಯಲ್ಲಿ ದತ್ತು ಯಾರಿಗಾಗಿ ಎಂಬ ವಿಚಾರ ಕಾಲದಿಂದ ಕಾಲಕ್ಕೆ ಬದಲಾಗಿದೆ. ಹಳೆಯ ಧರ್ಮಶಾಸ್ತ್ರದ ದತ್ತಕದಲ್ಲಿ ಮಗುವಿನ ಹಿತ ಮುಖ್ಯ ವಿಷಯವಾಗಿರಲಿಲ್ಲ. ಪಿಂಡ ಹಾಕಲು, ವಂಶ ಮುಂದುವರಿಸಲು, ಆಸ್ತಿ ಕೈತಪ್ಪದಂತೆ ನೋಡಿಕೊಳ್ಳಲು ಒಬ್ಬ ಮಗ ಬೇಕಾಗಿತ್ತು, ಅದಕ್ಕಾಗಿ ದತ್ತು. ದತ್ತನ್ನು ಒಪ್ಪುವುದು, ಬಿಡುವುದು ಅಧಿಕಾರದಲ್ಲಿರುವವರ ಅನುಕೂಲಕ್ಕೆ ತಕ್ಕಂತೆ ನಡೆಯುತ್ತದೆ ಎಂಬುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ದತ್ತು ಬಂದಿದ್ದ ಹುಡುಗನನ್ನು ಉತ್ತರಾಧಿಕಾರಿಯೆಂದು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ್ದು, ರಾಣಿ ಚೆನ್ನಮ್ಮ ಅದನ್ನು ಧಿಕ್ಕರಿಸಿದ್ದು, ಆ ವರ್ಷದ ಅಕ್ಟೋಬರ್‌ನ ಕಾಳಗದಲ್ಲಿ ಥ್ಯಾಕರೆಯೇ ಸತ್ತದ್ದು ನಮ್ಮ ಶಾಲಾ ಪಾಠಗಳಲ್ಲೇ ಇದೆ. ಅಲ್ಲಿ ಆ ಹುಡುಗನಿಗೆ ಏನು ಬೇಕಾಗಿತ್ತೆಂದು ಕಂಪನಿ ಸರ್ಕಾರ ಕೇಳಲಿಲ್ಲ. ಅವನನ್ನು ಒಪ್ಪದಿದ್ದರೆ ಸಂಸ್ಥಾನ ಸಿಗುತ್ತದೆಯೇ ಎಂದಷ್ಟೇ ಲೆಕ್ಕ ಹಾಕಿತು.

1956ರ ಕಾಯ್ದೆ ಹೆಣ್ಣುಮಕ್ಕಳನ್ನೂ ದತ್ತು ಪಡೆಯಬಹುದೆಂದಿತು. ಅವಿವಾಹಿತೆ, ವಿಧವೆ, ವಿಚ್ಛೇದಿತೆ ತಮ್ಮ ಹೆಸರಿನಲ್ಲೇ ದತ್ತು ಪಡೆಯಬಹುದೆಂದಿತು. ಮದುವೆಯಾದ ಹೆಂಗಸಿಗೆ ಸ್ವಂತವಾಗಿ ದತ್ತು ಪಡೆಯುವ ಅಧಿಕಾರ ಬರಲು ಮಾತ್ರ 2010ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅಂದರೆ ತೀರ ಇತ್ತೀಚಿನವರೆಗೆ, ಗಂಡ ಹೆಂಡತಿ ಇಬ್ಬರೂ ಇರುವ ಮನೆಯಲ್ಲೇ ಕಾನೂನು ಒಬ್ಬರನ್ನು ಮಾತ್ರ ದತ್ತು ಪಡೆಯುವವರೆಂದು ಎಣಿಸುತ್ತಿತ್ತು. ಇಂದು ಅದನ್ನು ಕೇಳಿದರೆ ನಮಗೆ ವಿಚಿತ್ರವೆನಿಸುತ್ತದೆ. ಇನ್ನೊಂದು ಸಣ್ಣ ಅಂಶ ಆ ಕಾಯ್ದೆಯ 14ನೇ ಕಲಮಿನಲ್ಲಿದೆ. ಅವಿವಾಹಿತ ಹೆಂಗಸೊಬ್ಬಳು ಮಗುವನ್ನು ದತ್ತು ಪಡೆದು ನಂತರ ಗಂಡಸೊಬ್ಬನನ್ನು ಮದುವೆಯಾದರೆ, ಆತ ಆ ಮಗುವಿಗೆ ತಾನಾಗಿಯೇ ಮಲತಂದೆಯಾಗುತ್ತಾನೆ. ಮಗುವಿನ ಮುಖವನ್ನು ಆತ ಮದುವೆಯ ದಿನವೇ ಮೊದಲ ಬಾರಿಗೆ ನೋಡಿದ್ದರೂ ಸರಿ. ಅದೇ ಹೆಂಗಸು ಇನ್ನೊಬ್ಬ ಹೆಂಗಸಿನೊಂದಿಗೆ ಬಾಳಿ, ಇಬ್ಬರೂ ಸೇರಿ ಮಗುವನ್ನು ತೊಟ್ಟಿಲಿನಿಂದ ಕಾಲೇಜಿನವರೆಗೆ ಬೆಳೆಸಿದ್ದರೂ ಎರಡನೆಯವಳಿಗೆ ಮಗುವಿನೊಂದಿಗೆ ಕಾನೂನಿನ ಯಾವ ನಂಟೂ ಇಲ್ಲ.

ಬಾಲ ನ್ಯಾಯ ಕಾಯ್ದೆ ಬಂದ ಮೇಲೆ ಗುರಿ ಬದಲಾಯಿತು. ಮಗುವಿನ ಹಿತವೇ ಪರಮ ಎಂದು ಕಾಯ್ದೆ ಸಾರಿತು. 63ನೇ ಕಲಮಿನ ಪ್ರಕಾರ ದತ್ತು ಆದೇಶವಾದ ಕ್ಷಣದಿಂದ ಮಗು ಆ ಪೋಷಕರಿಗೇ ಹುಟ್ಟಿದ್ದೆಂಬಂತೆ ಎಲ್ಲ ಹಕ್ಕುಗಳನ್ನೂ ಪಡೆಯುತ್ತದೆ. ಇಷ್ಟು ಉದಾರವಾದ ಮಾತು ಒಬ್ಬ ಪೋಷಕರ ಹತ್ತಿರ ಬಂದು ನಿಂತುಬಿಡುವುದು ಏಕೆ ಎಂಬ ಪ್ರಶ್ನೆಯೇ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು.

2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಾದುದು ತಮಗೆಲ್ಲ ಗೊತ್ತಿದೆ. ಅದರ ಮುಂದಿನ ಹೆಜ್ಜೆಯಾಗಿ ಮದುವೆ ಮತ್ತು ಕುಟುಂಬದ ಹಕ್ಕು ಕೇಳಿ ಹಲವು ಅರ್ಜಿಗಳು ಸಲ್ಲಿಕೆಯಾದವು. ನಮ್ಮ ಕರ್ನಾಟಕದ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಅವರೂ ಅರ್ಜಿದಾರರಲ್ಲಿದ್ದರು. ಸುಪ್ರಿಯೋ ವಿರುದ್ಧ ಭಾರತ ಒಕ್ಕೂಟ ಎಂಬ ಹೆಸರಿನ ಆ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2023ರ ಅಕ್ಟೋಬರ್ 17ರಂದು ತೀರ್ಪು ನೀಡಿತು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎಂಬುದರಲ್ಲಿ ಐವರೂ ಒಂದಾಗಿದ್ದರು. ಪತ್ರಿಕೆಗಳು ಆ ದಿನ ಅದನ್ನೇ ದೊಡ್ಡದಾಗಿ ಬರೆದವು. ದತ್ತಿನ ಪ್ರಶ್ನೆಯಲ್ಲಿ ಪೀಠ ಮೂರು-ಎರಡಾಗಿ ಒಡೆದದ್ದು ಒಳಪುಟಗಳಿಗೆ ಸರಿಯಿತು. ನನ್ನ ಮಟ್ಟಿಗೆ ಆ ತೀರ್ಪಿನ ಅತ್ಯಂತ ಜೀವಂತವಾದ ಭಾಗವೇ ಅದು.

ಅಲ್ಪಮತದ ತೀರ್ಪು ಬರೆದ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಅವರೊಂದಿಗೆ ಸಹಮತ ಹೊಂದಿದ ನ್ಯಾಯಮೂರ್ತಿ ಎಸ್.ಕೆ. ಕೌಲ್ ಅವರ ದೃಷ್ಟಿಯಲ್ಲಿ 5(3)ನೇ ವಿನಿಯಮ ಮೂಲ ಕಾಯ್ದೆಯನ್ನೇ ಮೀರುತ್ತದೆ. ಕಾಯ್ದೆ ಒಂಟಿ ವ್ಯಕ್ತಿಗೂ ಮಗುವನ್ನು ಕೊಡಲು ಒಪ್ಪಿದೆ. ಮದುವೆಯಾದ ಗಂಡು ಹೆಣ್ಣಿನ ಜೋಡಿ ಮಾತ್ರ ಮಗುವಿಗೆ ಸ್ಥಿರವಾದ ಮನೆ ಕೊಡಬಲ್ಲದು ಎಂಬುದಕ್ಕೆ ಸರ್ಕಾರ ಯಾವ ಆಧಾರವನ್ನೂ ನ್ಯಾಯಾಲಯದ ಮುಂದಿಡಲಿಲ್ಲ. ಒಬ್ಬರ ಲೈಂಗಿಕತೆಯನ್ನು ನೋಡಿ ಅವರು ಒಳ್ಳೆಯ ಪೋಷಕರೋ ಅಲ್ಲವೋ ಎಂದು ಕಾನೂನು ಊಹಿಸುವಂತಿಲ್ಲ. ಆದ್ದರಿಂದ ವಿನಿಯಮದಿಂದ ‘ವೈವಾಹಿಕ’ ಎಂಬ ಪದವನ್ನು ತೆಗೆದು ಓದಬೇಕೆಂದು ಅವರು ಹೇಳಿದರು. ನ್ಯಾಯಮೂರ್ತಿಗಳಾದ ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ ಮತ್ತು ಪಿ.ಎಸ್. ನರಸಿಂಹ ಅವರು ಇದನ್ನು ಒಪ್ಪಲಿಲ್ಲ; ವಿನಿಯಮ ಉಳಿಯಿತು. 2025ರ ಜನವರಿ 9ರಂದು ಮರುಪರಿಶೀಲನಾ ಅರ್ಜಿಗಳೂ ವಜಾ ಆದವು. ಅದೇ ತೀರ್ಪಿನಲ್ಲಿ ಐವರೂ ಒಪ್ಪಿದ ಇನ್ನೊಂದು ಅಂಶವಿದೆ: ಗಂಡು ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಈಗಿನ ವಿವಾಹ ಕಾನೂನುಗಳ ಅಡಿಯಲ್ಲೇ ಮದುವೆಯಾಗಬಹುದು. ಅಂಥ ದಂಪತಿಗಳು ದತ್ತಿಗೆ ಬಂದರೆ ಮದುವೆಯ ಷರತ್ತಿನ ನೆಪ ಹೇಳಿ ಅವರನ್ನು ವಾಪಸು ಕಳಿಸುವಂತಿಲ್ಲ ಎಂಬುದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಗಮನಿಸಬೇಕು.

ಬಹುಮತದ ತೀರ್ಪನ್ನು ಹಗುರವಾಗಿ ತಳ್ಳಿಹಾಕುವ ಅಭ್ಯಾಸ ನಮ್ಮ ಕೆಲವು ಸ್ನೇಹಿತರಲ್ಲಿದೆ. ನಾನು ಹಾಗೆ ಮಾಡುವುದಿಲ್ಲ. ನ್ಯಾಯಮೂರ್ತಿ ಭಟ್ ಅವರ ವಾದದ ತಿರುಳು ಹೀಗಿದೆ: ಮದುವೆಯೆಂಬುದರ ಸುತ್ತ ಕಾನೂನು ಮಗುವಿಗೆ ಹಲವು ರಕ್ಷಣೆಗಳನ್ನು ಕಟ್ಟಿಕೊಟ್ಟಿದೆ. ತಂದೆ ತಾಯಿ ಬೇರೆಯಾದರೆ ಮಗು ಯಾರ ವಶದಲ್ಲಿರಬೇಕು, ಜೀವನಾಂಶ ಯಾರು ಕೊಡಬೇಕು, ಆಸ್ತಿ ಹೇಗೆ ಹಂಚಿಕೆಯಾಗಬೇಕು ಎಂಬುದಕ್ಕೆಲ್ಲ ನಿಯಮಗಳಿವೆ. ಮದುವೆಯಾಗದ ಜೋಡಿ ಒಂದು ದಿನ ಬೇರೆಯಾದರೆ ಈ ಯಾವ ನಿಯಮಗಳೂ ಮಗುವಿನ ನೆರವಿಗೆ ಬರುವುದಿಲ್ಲ. ನ್ಯಾಯಾಲಯವು ವಿನಿಯಮದ ಒಂದು ಪದವನ್ನು ಅಳಿಸಿದ ಮಾತ್ರಕ್ಕೆ ಆ ನಿಯಮಗಳು ಹುಟ್ಟಿಕೊಳ್ಳುವುದಿಲ್ಲ. ಇದು ಗಂಭೀರವಾದ ವಾದ. ದ್ವೇಷದಿಂದ ಹುಟ್ಟಿದ ವಾದವೂ ಅಲ್ಲ. ಅಷ್ಟೇ ಅಲ್ಲ, ಒಂಟಿ ವ್ಯಕ್ತಿಯೊಬ್ಬರು ದತ್ತು ಪಡೆದ ನಂತರ ಮದುವೆಯಿಲ್ಲದ ಸಂಬಂಧದಲ್ಲಿ ಬಾಳತೊಡಗಿದರೆ, ಅನಿರೀಕ್ಷಿತವಾದ ಏನಾದರೂ ಘಟಿಸಿದಾಗ ಆ ಮಗು, ವಿವಾಹಿತರ ದತ್ತುಮಗುವಿಗೆ ಸಿಗುವ ಸೌಲಭ್ಯಗಳಿಂದ ವಂಚಿತವಾಗಬಹುದು ಎಂಬುದನ್ನು ಅವರೇ ಗುರುತಿಸಿದರು. ಇದನ್ನು ಕಾರಾ ಮತ್ತು ಕೇಂದ್ರ ಸರ್ಕಾರ ಪರಿಶೀಲಿಸಬೇಕು, ನ್ಯಾಯಾಲಯ ಅದಕ್ಕೆ ತಕ್ಕ ವೇದಿಕೆಯಲ್ಲ ಎಂದರು.

ಆದರೆ ಆ ವಾದವನ್ನು ಇಂದಿನ ವಾಸ್ತವದ ಎದುರು ಹಿಡಿದು ನೋಡಿ. ಜೋಡಿ ಬೇರೆಯಾದಾಗ ಮಗುವಿಗೆ ರಕ್ಷಣೆಯಿಲ್ಲ ಎಂಬುದು ಆತಂಕವಾದರೆ, ಈಗ ಯಾವ ರಕ್ಷಣೆಯಿದೆ? ಕಾಗದದಲ್ಲಿ ಹೆಸರಿಲ್ಲದ ಸಂಗಾತಿ ಹತ್ತು ವರ್ಷ ಮಗುವನ್ನು ಬೆಳೆಸಿ ಒಂದು ಬೆಳಗ್ಗೆ ಎದ್ದು ಹೋಗಬಹುದು. ಮಗುವಿನ ಶಾಲಾ ಶುಲ್ಕದ ಒಂದು ರೂಪಾಯಿಯನ್ನೂ ಯಾವ ನ್ಯಾಯಾಲಯವೂ ಅವರಿಂದ ಕೊಡಿಸಲಾರದು, ಏಕೆಂದರೆ ಜೀವನಾಂಶದ ಕಾನೂನು ಅವರನ್ನು ಪೋಷಕರೆಂದು ಕಾಣುವುದಿಲ್ಲ. ಎದ್ದು ಹೋಗುವವರು ಕಾಗದದಲ್ಲಿ ಹೆಸರಿರುವವರೇ ಆದರೆ, ಉಳಿದವರಿಗೆ ಮಗುವನ್ನು ನೋಡುವ ಹಕ್ಕೂ ಇರುವುದಿಲ್ಲ. ಯಾವ ಅನಾಹುತದಿಂದ ಮಗುವನ್ನು ಕಾಪಾಡಲು ಈ ನಿಯಮ ಇದೆಯೆಂದು ಹೇಳಲಾಯಿತೋ, ಅದೇ ಅನಾಹುತ ಈ ನಿಯಮದಿಂದಲೇ ಸಂಭವಿಸುತ್ತದೆ. ಸಲಿಂಗ ಜೋಡಿಯ ಮನೆಗೆ ಮಗು ಹೋಗುವುದನ್ನು ನಿಯಮ ತಡೆಯಲಿಲ್ಲ. ಆ ಮನೆಯಲ್ಲಿ ಮಗುವಿಗಿದ್ದ ಇಬ್ಬರು ಪೋಷಕರಲ್ಲಿ ಒಬ್ಬರನ್ನು ಮಾತ್ರ ಕಿತ್ತುಕೊಂಡಿತು.

ಒಂದು ಮನೆಯ ಸಂಗತಿಯನ್ನು ಹೆಸರು, ಊರು ಬಿಟ್ಟು ಹೇಳುತ್ತೇನೆ. ಇಬ್ಬರು ಹೆಂಗಸರು, ಮೊದಲನೆಯವರಿಗೆ ಬ್ಯಾಂಕಿನಲ್ಲಿ ನೌಕರಿ, ಎರಡನೆಯವರು ಮನೆಯಲ್ಲೇ ಕುಳಿತು ಸಣ್ಣ ಅಂಗಡಿಗಳ ಲೆಕ್ಕಪತ್ರ ಬರೆಯುತ್ತಾರೆ. ದತ್ತು ಆದೇಶ ಬ್ಯಾಂಕಿನವರ ಹೆಸರಿನಲ್ಲಿದೆ. ಮಗು ಅವರನ್ನು ಅಮ್ಮ ಎನ್ನುತ್ತದೆ, ಇನ್ನೊಬ್ಬರನ್ನು ಅವ್ವ ಎನ್ನುತ್ತದೆ. ಶಾಲೆಗೆ ಬಿಡುವುದು, ಕರೆತರುವುದು, ಜ್ವರ ಬಂದರೆ ರಾತ್ರಿಯಿಡೀ ಕೂರುವುದು ಎಲ್ಲವೂ ಅವ್ವನೇ. ಒಂದು ದಿನ ಅಮ್ಮ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಾಗ ಮಗು ಶಾಲೆಯ ಜಾರುಬಂಡೆಯಿಂದ ಬಿದ್ದು ಮೊಣಕೈ ಮುರಿಯಿತು. ಅರಿವಳಿಕೆ ಕೊಟ್ಟು ಮೂಳೆ ಕೂಡಿಸಬೇಕು ಎಂದರು ವೈದ್ಯರು. ಒಪ್ಪಿಗೆ ಪತ್ರದಲ್ಲಿ ‘ರೋಗಿಯೊಂದಿಗೆ ಸಂಬಂಧ’ ಎಂಬ ಸಾಲಿತ್ತು. ಅವ್ವ ಸ್ವಲ್ಪ ಹೊತ್ತು ಪೆನ್ನು ಹಿಡಿದು ನಿಂತು, ‘ಚಿಕ್ಕಮ್ಮ’ ಎಂದು ಬರೆದರು. ಆಧಾರ್ ಕಾರ್ಡಿನ ಹೆಸರು, ತಂದೆಯ ಹೆಸರು ಯಾವುದೂ ಹೊಂದದಿರುವುದನ್ನು ಕಂಡ ಕೌಂಟರಿನವರು, ರಕ್ತಸಂಬಂಧಿಗಳೇ ಬರಬೇಕು ಎಂದರು. ದೂರದ ಊರಿನಿಂದ ಅಮ್ಮ ಬಿಳಿಹಾಳೆಯಲ್ಲಿ ಬರೆದು ಸಹಿ ಮಾಡಿ, ಅದರ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಫೋನಿನಲ್ಲಿ ವೈದ್ಯರೊಂದಿಗೆ ಮಾತನಾಡಿದ ಮೇಲೆ ಸಂಜೆಯ ಹೊತ್ತಿಗೆ ಕೆಲಸವಾಯಿತು. ಆಗಷ್ಟೇ ಕೂಡಿಸಿ ಓದಲು ಕಲಿತಿದ್ದ ಮಗು ಆ ಕಾಗದವನ್ನು ಅಕ್ಷರ ಅಕ್ಷರವಾಗಿ ಓದಿ, ‘ಅವ್ವಾ, ನೀನ್ಯಾಕೆ ಚಿಕ್ಕಮ್ಮ ಅಂತ ಬರೆದೆ?’ ಎಂದು ಕೇಳಿತಂತೆ. ನನ್ನ ಕಚೇರಿಗೆ ಅವರು ಬಂದದ್ದು ಆಸ್ಪತ್ರೆಯ ಮೇಲೆ ದೂರು ಕೊಡಲಿಕ್ಕಲ್ಲ. ಆ ಕೌಂಟರಿನವರು ನಿಯಮದಂತೆಯೇ ನಡೆದುಕೊಂಡಿದ್ದರು. ಮುಂದೆ ಇನ್ನೂ ದೊಡ್ಡದೇನಾದರೂ ಆದರೆ ಗತಿಯೇನು ಎಂದು ಕೇಳಲು ಬಂದಿದ್ದರು.

ದೊಡ್ಡದು ಎಂದರೆ ಸಾವು. ಅಮ್ಮ ತೀರಿಕೊಂಡರೆ ಮಗು ಕಾನೂನಿನಲ್ಲಿ ಅನಾಥ. ಎದುರಿಗೇ ಅವ್ವ ಇದ್ದರೂ ಅನಾಥ. ಅವ್ವ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅಪ್ರಾಪ್ತರ ಬಂಧು ಅಥವಾ ಸ್ನೇಹಿತ ಯಾರಾದರೂ ಅರ್ಜಿ ಹಾಕಲು ಆ ಕಾಯ್ದೆಯ 8ನೇ ಕಲಮು ಅವಕಾಶ ಕೊಡುತ್ತದೆ. ಅವ್ವ ಅಲ್ಲಿ ಬರುವುದು ಮಗುವಿನ ಸ್ನೇಹಿತೆಯಾಗಿ. ಅಮ್ಮನ ಅಣ್ಣತಮ್ಮಂದಿರು ಪೈಪೋಟಿಗೆ ಬಂದರೆ ಮೊಕದ್ದಮೆ ವರ್ಷಗಟ್ಟಲೆ ನಡೆಯಬಹುದು. ಅವ್ವನೇ ಉಯಿಲು ಬರೆಯದೆ ತೀರಿಕೊಂಡರೆ, ಆಕೆ ದುಡಿದು ಮಾಡಿದ ಆಸ್ತಿ ಉತ್ತರಾಧಿಕಾರ ಕಾಯ್ದೆಯಂತೆ ಆಕೆಯ ತವರಿನವರಿಗೆ ಹೋಗುತ್ತದೆ. ಮಗುವಿಗೆ ಚಿಕ್ಕಾಸೂ ಸಿಗದು. ಉಯಿಲು, ಅಧಿಕಾರ ಪತ್ರ, ಜಂಟಿ ಖಾತೆ, ವಿಮೆಯ ನಾಮನಿರ್ದೇಶನ ಇವೆಲ್ಲವನ್ನೂ ನಾವು ವಕೀಲರು ಒಂದೊಂದಾಗಿ ಹೊಲಿದುಕೊಡುತ್ತೇವೆ. ಇಷ್ಟೆಲ್ಲ ಮಾಡಿಸಿಕೊಳ್ಳಲು ಹಣ, ಓದು, ಧೈರ್ಯ ಮೂರೂ ಬೇಕು. ಅವು ಇಲ್ಲದ ಮನೆಗಳ ಮಕ್ಕಳ ಬಗ್ಗೆ ನನಗೆ ಹೆಚ್ಚು ಚಿಂತೆ.

ಇನ್ನು ಗೃಹ ಅಧ್ಯಯನದ ವಿಷಯ. ಇಲ್ಲಿರುವ ಸಮಾಜ ಕಾರ್ಯಕರ್ತರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ದತ್ತು ಅರ್ಜಿ ಹಾಕಿದ ಮೇಲೆ ಕಾರ್ಯಕರ್ತರು ಮನೆಗೆ ಹೋಗಿ, ಅಲ್ಲಿ ಯಾರಿದ್ದಾರೆ, ಹೇಗಿದ್ದಾರೆ, ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೆಲ್ಲ ನೋಡಿ ವರದಿ ಬರೆಯುತ್ತಾರೆ. 2022ರ ಜೂನ್ 16ರಂದು ಕಾರಾ ಒಂದು ಸುತ್ತೋಲೆ ಹೊರಡಿಸಿ, ಮದುವೆಯಾಗದೆ ಸಂಗಾತಿಯೊಂದಿಗೆ ಒಟ್ಟಿಗೆ ಬಾಳುತ್ತಿರುವ ಒಂಟಿ ಅರ್ಜಿದಾರರನ್ನು ದತ್ತಿಗೆ ಅರ್ಹರೆಂದು ಪರಿಗಣಿಸುವುದಿಲ್ಲ, ಅದು ಸ್ಥಿರ ಕುಟುಂಬವಲ್ಲ ಎಂದು ಹೇಳಿತು. ಗಂಡು ಹೆಣ್ಣಿನ ಜೋಡಿಗೆ ಇದರಿಂದ ಬಿಡುಗಡೆಯಿದೆ: ಮದುವೆಯಾದರೆ ಮುಗಿಯಿತು. ಸಲಿಂಗ ಜೋಡಿಗೆ ಆ ದಾರಿಯಿಲ್ಲ. ಆದ್ದರಿಂದಲೇ ಅಲ್ಪಮತದ ತೀರ್ಪು ಈ ಸುತ್ತೋಲೆಯ ಹೊರೆ ಮುಖ್ಯವಾಗಿ ಸಲಿಂಗಿಗಳ ಮೇಲೆಯೇ ಬೀಳುತ್ತದೆಂದು ಹೇಳಿ, ಅದನ್ನು ಸಂವಿಧಾನಕ್ಕೆ ವಿರುದ್ಧವೆಂದು ಕಂಡಿತು.

ಇದರ ಫಲವನ್ನು ಊಹಿಸಿ. ಕಾರ್ಯಕರ್ತರು ಬರುವ ಹಿಂದಿನ ದಿನ ಸಂಗಾತಿ ತನ್ನ ಬಟ್ಟೆಬರೆ ಕಟ್ಟಿಕೊಂಡು ಸ್ನೇಹಿತರ ಮನೆಗೆ ಹೋಗುತ್ತಾರೆ. ಗೋಡೆಯ ಮೇಲಿನ ಫೋಟೋ ಬೀರುವಿನೊಳಗೆ ಸೇರುತ್ತದೆ. ಬಚ್ಚಲಿನಲ್ಲಿ ಒಂದೇ ಹಲ್ಲುಜ್ಜುವ ಬ್ರಷ್ ಉಳಿಯುತ್ತದೆ. ‘ನೀವು ಆಫೀಸಿಗೆ ಹೋದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂಬ ಪ್ರಶ್ನೆಗೆ, ನಿಜವಾಗಿ ನೋಡಿಕೊಳ್ಳಲಿರುವವರ ಹೆಸರನ್ನು ಬಿಟ್ಟು ಬೇರೆ ಯಾವುದೋ ಹೆಸರು ಹೇಳಬೇಕಾಗುತ್ತದೆ. ದತ್ತು ಆದೇಶವಾದ ಮೇಲೆ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ನಡೆಯುವ ಅನುಸರಣಾ ಭೇಟಿಗಳಲ್ಲೂ ಇದೇ ನಾಟಕ. ಸತ್ಯ ಹೇಳುವ ಅರ್ಜಿದಾರರು ಅನರ್ಹರಾಗುತ್ತಾರೆ, ಮುಚ್ಚಿಡುವವರು ಅರ್ಹರಾಗುತ್ತಾರೆ. ಮಗುವಿನೊಂದಿಗೆ ದಿನಕ್ಕೆ ಹತ್ತು ಗಂಟೆ ಕಳೆಯಲಿರುವ ವ್ಯಕ್ತಿ ಎಂಥವರು, ಅವರ ಸ್ವಭಾವ, ಆರೋಗ್ಯ, ಹಿನ್ನೆಲೆ ಏನು ಎಂಬುದನ್ನು ಪರೀಕ್ಷಿಸುವ ಏಕೈಕ ಅವಕಾಶವನ್ನು ವ್ಯವಸ್ಥೆ ತಾನೇ ಕಳೆದುಕೊಳ್ಳುತ್ತದೆ. ಮಕ್ಕಳ ರಕ್ಷಣೆಯ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ನಿಯಮವನ್ನು ಬೇಕೆಂದೇ ರಚಿಸುವುದೂ ಕಷ್ಟ.

ಮಕ್ಕಳಿಗೆ ತಂದೆಯೂ ಬೇಕು, ತಾಯಿಯೂ ಬೇಕು, ಇಲ್ಲದಿದ್ದರೆ ಬೆಳವಣಿಗೆ ಕುಂಠಿತವಾಗುತ್ತದೆ ಎಂಬ ಮಾತನ್ನು ಸಭೆಗಳಲ್ಲಿ ಪ್ರತಿಬಾರಿಯೂ ಕೇಳುತ್ತೇನೆ. ಸುಪ್ರಿಯೋ ಪ್ರಕರಣದಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಸಲಿಂಗ ಜೋಡಿಗಳಿಗೆ ದತ್ತು ಕೊಡುವುದನ್ನು ವಿರೋಧಿಸಿತು. ದೆಹಲಿಯ ಮಕ್ಕಳ ಹಕ್ಕುಗಳ ಆಯೋಗ ಬೆಂಬಲಿಸಿತು. ಒಂದೇ ಉದ್ದೇಶದ ಎರಡು ಆಯೋಗಗಳು ಒಂದೇ ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಂತದ್ದು ಕುತೂಹಲದ ಸಂಗತಿ. ಪುರಾವೆ ಏನು ಹೇಳುತ್ತದೆ? ಅಮೆರಿಕದಲ್ಲಿ 1986ರಲ್ಲಿ ಆರಂಭವಾದ ಒಂದು ಅಧ್ಯಯನ ಸಲಿಂಗಿ ತಾಯಂದಿರ ಮಕ್ಕಳನ್ನು ಹುಟ್ಟಿನಿಂದ ಪ್ರಾಯದವರೆಗೆ ಹಿಂಬಾಲಿಸಿದೆ. ಆ ಮಕ್ಕಳ ಮಾನಸಿಕ ಆರೋಗ್ಯ ಇತರ ಮಕ್ಕಳಿಗಿಂತ ಕೆಳಗಿಲ್ಲ. ಅಂಥ ಮೊದಲ ಅಧ್ಯಯನಗಳ ಮಾದರಿಗಳು ಚಿಕ್ಕವು, ತಾವಾಗಿ ಮುಂದೆ ಬಂದವರೇ ಹೆಚ್ಚು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ ಲಭ್ಯವಿದ್ದ ಸಂಶೋಧನೆಯನ್ನೆಲ್ಲ ನೋಡಿ, ಪೋಷಕರ ಲೈಂಗಿಕ ಒಲವು ಮಕ್ಕಳ ಬೆಳವಣಿಗೆಯನ್ನು ಕೆಡಿಸುವುದಿಲ್ಲ, ಪೋಷಕರ ಸಂಬಂಧಕ್ಕೆ ಕಾನೂನಿನ ಭದ್ರತೆಯಿರುವುದು ಮಕ್ಕಳಿಗೆ ಒಳ್ಳೆಯದು ಎಂಬ ನಿಲುವಿಗೆ ಬಂದಿತು. ಇದಕ್ಕೆ ವಿರುದ್ಧವಾಗಿ ಆಗಾಗ ಉಲ್ಲೇಖವಾಗುವ 2012ರ ಟೆಕ್ಸಾಸ್ ಅಧ್ಯಯನದಲ್ಲಿ, ಸಲಿಂಗಿ ಪೋಷಕರ ಮಕ್ಕಳೆಂದು ಎಣಿಸಿದವರಲ್ಲಿ ಬಹುಪಾಲು ಒಡೆದ ಮದುವೆಗಳ ಮಕ್ಕಳಾಗಿದ್ದರು. ಅವರನ್ನು ಒಡೆಯದ ಮನೆಗಳ ಮಕ್ಕಳೊಂದಿಗೆ ಹೋಲಿಸಿದರೆ ಏನು ಬರಬೇಕೋ ಅದೇ ಬಂದಿತು.

ಶಾಲೆಯಲ್ಲಿ ಉಳಿದ ಮಕ್ಕಳು ಹಂಗಿಸುತ್ತಾರಲ್ಲ ಎಂಬುದು ಮಾತ್ರ ಸುಳ್ಳಲ್ಲ. ಭಾರತೀಯ ಮನೋವೈದ್ಯರ ಸಂಘ 2023ರ ಏಪ್ರಿಲ್‌ನಲ್ಲಿ ಸಲಿಂಗಿಗಳ ಮದುವೆ ಮತ್ತು ದತ್ತನ್ನು ಬೆಂಬಲಿಸಿದಾಗಲೂ, ಅಂಥ ಮನೆಯ ಮಕ್ಕಳಿಗೆ ಕಳಂಕ ಮತ್ತು ತಾರತಮ್ಯ ಎದುರಾಗಬಹುದೆಂಬುದನ್ನು ಮುಚ್ಚಿಡಲಿಲ್ಲ. ಆದರೆ ಹಂಗಿಸುವವರಿದ್ದಾರೆಂದು ಮನೆಯನ್ನೇ ಒಡೆಯುವುದು ನಮ್ಮಲ್ಲಿ ಬೇರೆ ಯಾವ ವಿಷಯದಲ್ಲೂ ಒಪ್ಪಿತವಾದ ನ್ಯಾಯವಲ್ಲ. ಅಂತರ್ಜಾತಿ ದಂಪತಿಗಳ ಮಕ್ಕಳು, ಒಂಟಿ ತಾಯಂದಿರ ಮಕ್ಕಳು ಇದೇ ಹಂಗಿನ ಮಾತನ್ನು ಉಂಡು ಬೆಳೆದವರು. ಅವರ ವಿಷಯದಲ್ಲಿ ಕಾನೂನು ನಿಧಾನವಾಗಿಯಾದರೂ ಮಗುವಿನ ಪಕ್ಷಕ್ಕೆ ಬಂದಿತು. 1999ರಲ್ಲಿ ಗೀತಾ ಹರಿಹರನ್ ಪ್ರಕರಣ ತಾಯಿಯನ್ನೂ ಸ್ವಾಭಾವಿಕ ಪಾಲಕಳೆಂದು ಓದಿತು. 2015ರಲ್ಲಿ ಸುಪ್ರೀಂ ಕೋರ್ಟ್, ಅವಿವಾಹಿತ ತಾಯಿ ತನ್ನ ಮಗುವಿನ ಪಾಲಕತ್ವ ಕೇಳಲು ತಂದೆಯ ಹೆಸರನ್ನು ಬಯಲು ಮಾಡಬೇಕಾಗಿಲ್ಲ ಎಂದಿತು. 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟ್ ಅರ್ಜಿಗೆ ಒಬ್ಬ ಪೋಷಕರ ಹೆಸರು ಸಾಕು. 2022ರಲ್ಲಿ ದೀಪಿಕಾ ಸಿಂಗ್ ಪ್ರಕರಣದಲ್ಲಿ, ಕುಟುಂಬವೆಂದರೆ ತಂದೆ, ತಾಯಿ, ಮಕ್ಕಳ ಒಂದೇ ಅಚ್ಚು ಎಂದು ಭಾವಿಸಬಾರದು, ಸಲಿಂಗ ಸಂಬಂಧಗಳೂ ಕುಟುಂಬವಾಗಬಹುದು ಎಂದು ಅದೇ ನ್ಯಾಯಾಲಯ ಬರೆಯಿತು.

ಹೊರದೇಶಗಳ ಪೈಕಿ ಎರಡನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಎರಡೂ ನಮ್ಮ ಸ್ಥಿತಿಗೆ ಹತ್ತಿರವಾದವು. ದಕ್ಷಿಣ ಆಫ್ರಿಕದಲ್ಲಿ ಇಬ್ಬರು ಹೆಂಗಸರು ಒಡಹುಟ್ಟಿದ ಎರಡು ಮಕ್ಕಳನ್ನು ಬೆಳೆಸುತ್ತಿದ್ದರು. ಅವರಲ್ಲೊಬ್ಬರು ಸ್ವತಃ ಹೈಕೋರ್ಟ್ ನ್ಯಾಯಾಧೀಶೆ. ಅಲ್ಲಿನ ಕಾನೂನಿನಂತೆ ವಿವಾಹಿತರು ಮಾತ್ರ ಜಂಟಿಯಾಗಿ ದತ್ತು ಪಡೆಯಬಹುದಾಗಿದ್ದರಿಂದ ದತ್ತು ಆದೇಶ ನ್ಯಾಯಾಧೀಶೆಯೊಬ್ಬರ ಹೆಸರಿನಲ್ಲಿ ಮಾತ್ರ ಆಗಿತ್ತು; ಮಕ್ಕಳನ್ನು ಮುಖ್ಯವಾಗಿ ನೋಡಿಕೊಳ್ಳುತ್ತಿದ್ದದ್ದು ಇನ್ನೊಬ್ಬರು. ಡು ಟಾಯ್ಟ್ ಪ್ರಕರಣದಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ 2002ರ ಸೆಪ್ಟೆಂಬರ್‌ನಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಿತು. ಗಮನಿಸಿ, ಆಗ ಅಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಇರಲಿಲ್ಲ. ಅದು ಬಂದದ್ದು 2006ರಲ್ಲಿ. ಮದುವೆಯ ಪ್ರಶ್ನೆ ಬಗೆಹರಿಯುವವರೆಗೆ ಮಕ್ಕಳು ಕಾಯಬೇಕೆಂದು ಆ ನ್ಯಾಯಾಲಯ ಹೇಳಲಿಲ್ಲ. ತೈವಾನಿನಲ್ಲಿ ಇದಕ್ಕೆ ತಿರುವುಮುರುವಾಗಿ ನಡೆಯಿತು. 2019ರಲ್ಲಿ ಮದುವೆಗೆ ಮಾನ್ಯತೆ ಸಿಕ್ಕಿತು. ಆದರೆ ಸಂಗಾತಿಗೆ ಹುಟ್ಟಿದ ಮಗುವನ್ನು ಮಾತ್ರ ದತ್ತು ಪಡೆಯಬಹುದೆಂದು ಕಾಯ್ದೆ ಹೇಳಿತು. ಒಂಟಿಯಾಗಿದ್ದಾಗ ದತ್ತು ಪಡೆಯಬಹುದಾಗಿದ್ದವರು ಮದುವೆಯಾದ ಮೇಲೆ ಜಂಟಿಯಾಗಿ ಪಡೆಯುವಂತಿರಲಿಲ್ಲ. ಆ ಅಸಂಬದ್ಧತೆಯನ್ನು 2023ರ ಮೇ ತಿಂಗಳಲ್ಲಿ ತಿದ್ದುಪಡಿಯ ಮೂಲಕ ಸರಿಪಡಿಸಿದರು.

ನಮ್ಮಲ್ಲಿ ಏನು ಸಾಧ್ಯ? ಸಂಸತ್ತಿನ ಕಾನೂನು ಮತ್ತು ನ್ಯಾಯ ಸ್ಥಾಯಿ ಸಮಿತಿ 2022ರ ಆಗಸ್ಟ್‌ನಲ್ಲಿ, ಅಂದರೆ ಸುಪ್ರಿಯೋ ತೀರ್ಪಿಗೂ ಒಂದು ವರ್ಷ ಮೊದಲೇ, ಎರಡೂ ದತ್ತು ಕಾಯ್ದೆಗಳನ್ನು ಒಂದುಗೂಡಿಸಿ ಎಲ್ಲ ಧರ್ಮದವರಿಗೂ ಲೈಂಗಿಕ ಅಲ್ಪಸಂಖ್ಯಾತರಿಗೂ ಅನ್ವಯವಾಗುವ ಒಂದೇ ಕಾನೂನು ತರಬೇಕೆಂದು ಶಿಫಾರಸು ಮಾಡಿತ್ತು. ಅದು ಕಡತದಲ್ಲಿದೆ. 2024ರ ಏಪ್ರಿಲ್‌ನಲ್ಲಿ ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿಯ ನಂತರ, ಪಡಿತರ ಚೀಟಿಯ ಮಟ್ಟಿಗೆ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು, ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ ಎಂಬ ಸೂಚನೆಗಳು ಹೊರಟಿವೆ. ಅಕ್ಕಿ, ಗೋಧಿಗೆ ಒಂದೇ ಮನೆ ಎಂದಾದ ಮೇಲೆ, ಆ ಮನೆಯಲ್ಲಿ ಉಣ್ಣುವ ಮಗುವಿಗೂ ಒಂದೇ ಮನೆಯಾಗಬಾರದೇಕೆ ಎಂದು ಕೇಳುವುದು ಅತಿಯಾಸೆಯೆಂದು ನನಗೆ ತೋರುವುದಿಲ್ಲ. ಮಕ್ಕಳನ್ನು ತಾತ್ಕಾಲಿಕವಾಗಿ ಸಾಕಲು ಕೊಡುವ (ಫಾಸ್ಟರ್ ಕೇರ್) ವ್ಯವಸ್ಥೆಯ 2024ರ ಮಾರ್ಗಸೂಚಿಗಳು ಮದುವೆಯಾಗದವರೂ ಮಕ್ಕಳನ್ನು ಸಾಕಲು ಪಡೆದು ಎರಡು ವರ್ಷಗಳ ನಂತರ ದತ್ತಿಗೆ ಅರ್ಜಿ ಹಾಕಬಹುದೆಂದಿವೆ. ಅಲ್ಲಿಯೂ ಒಬ್ಬರ ಹೆಸರೇ, ಆದರೂ ಬಾಗಿಲು ಸ್ವಲ್ಪ ಅಗಲವಾಗಿದೆ.

ಜಂಟಿ ದತ್ತಿಗೆ ಒಪ್ಪಿಗೆ ಸಿಗುವವರೆಗೆ ಕಾಯುವುದಕ್ಕಿಂತ, ಎರಡನೆಯ ಪೋಷಕರ ದತ್ತನ್ನು ಮೊದಲು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಈಗಾಗಲೇ ಒಬ್ಬರ ಹೆಸರಿನಲ್ಲಿ ದತ್ತಾಗಿರುವ, ಅಥವಾ ಒಬ್ಬರಿಗೆ ಹುಟ್ಟಿರುವ ಮಗುವಿನೊಂದಿಗೆ ಇಷ್ಟು ವರ್ಷ ಬಾಳಿದ ಸಂಗಾತಿಯನ್ನು, ಗೃಹ ಅಧ್ಯಯನದ ನಂತರ, ಎರಡನೆಯ ಪೋಷಕರೆಂದು ದಾಖಲಿಸುವ ಒಂದು ವಿನಿಯಮ ಸಾಕು. 5(3)ರಲ್ಲಿ ಬಂಧುಗಳಿಗೂ ಮಲತಂದೆ, ಮಲತಾಯಿಯರಿಗೂ ಕೊಟ್ಟಿರುವ ವಿನಾಯಿತಿಯ ಪಕ್ಕದಲ್ಲೇ ಅದಕ್ಕೆ ಜಾಗವಿದೆ. ವಿನಿಯಮಗಳನ್ನು ರಚಿಸುವ ಅಧಿಕಾರ ಕಾರಾಕ್ಕೆ ಕಾಯ್ದೆಯ 68ನೇ ಕಲಮಿನಿಂದಲೇ ಬಂದಿದೆ. ದಂಪತಿಗಳ ಒಪ್ಪಿಗೆಯ ಕುರಿತ 57(2) ಇದಕ್ಕೆ ಅಡ್ಡ ಬರುತ್ತದೆಂದು ಕೆಲವು ಹಿರಿಯ ವಕೀಲರು ಹೇಳುತ್ತಾರೆ. ಇಬ್ಬರೂ ಮದುವೆಯಾಗಿರಲೇಬೇಕೆಂದು ಆ ಉಪಕಲಮು ಹೇಳುವುದಿಲ್ಲ, ದಂಪತಿಗಳಾದರೆ ಇಬ್ಬರ ಒಪ್ಪಿಗೆ ಬೇಕೆಂದಷ್ಟೇ ಹೇಳುತ್ತದೆ ಎಂಬುದು ನನ್ನ ಓದು. ಬಹುಮತದ ತೀರ್ಪು ಈ ಓದಿನ ಪರವಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಹಾಗಿದ್ದರೂ ನ್ಯಾಯಮೂರ್ತಿ ಭಟ್ ಅವರು ಕಾರಾಕ್ಕೆ ಪರಿಶೀಲಿಸಲು ಹೇಳಿದ್ದು ಇದೇ ಮಗುವಿನ ಸ್ಥಿತಿಯನ್ನು. ಆದ್ದರಿಂದ ಇಲ್ಲಿರುವ ಯುವ ವಕೀಲರಿಗೆ ನನ್ನ ಸಲಹೆಯೆಂದರೆ, ಇಂಥ ಮನೆಯವರು ನಿಮ್ಮ ಬಳಿ ಬಂದಾಗ ಉಯಿಲು ಬರೆಸಿ ಕಳಿಸಿ ಸುಮ್ಮನಾಗಬೇಡಿ. ಆ ತೀರ್ಪಿನ ಆ ಪ್ಯಾರಾವನ್ನು ಉಲ್ಲೇಖಿಸಿ, ಮಗುವಿನ ಹೆಸರಿನಲ್ಲಿ ಕಾರಾಕ್ಕೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯಕ್ಕೂ ಒಂದು ಮನವಿಯನ್ನು ಬರೆಯಿರಿ, ಸ್ವೀಕೃತಿಯನ್ನು ತೆಗೆದಿಟ್ಟುಕೊಳ್ಳಿ.